ಕೆಡವೋ ಮುಂಚೆ ಒಂದ್ಸಲ ತಾರಸಿ ಹತ್ತಿ ನೋಡಿ

ಏಪ್ರಿಲ್ ಕೊನೆಯ ವಾರ ಬೆಂಗಳೂರಿನಲ್ಲೂ ಚೆನ್ನೈನಲ್ಲೂ ನಡು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ. ಎರಡೂ ಊರು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿವೆ, ಹಾಗಾಗಿ ವರ್ಷಕ್ಕೆ ಎರಡು ಸಲ (ಇನ್ನೊಂದು ಆಗಸ್ಟ್‌ನಲ್ಲಿ) ನಮ್ಮ ನೆರಳು ನಮ್ಮ ಕಾಲಡಿಗೇ ಬಂದು ಬೀಳುತ್ತೆ. ಆ ಹೊತ್ತಿನಲ್ಲಿ ಕಟ್ಟಡದ ಗೋಡೆಗಳಿಗೆ ಬಿಸಿಲು ಅಷ್ಟಾಗಿ ತಾಗಲ್ಲ. ಎಲ್ಲ ತಾಪವನ್ನೂ ತಾರಸಿ ಒಂದೇ ಹೊರುತ್ತೆ.

ಈಗ ಒಂದು ಹಳೇ ಸರ್ಕಾರಿ ಕ್ವಾರ್ಟರ್ಸ್ ನೆನಪಿಸಿಕೊಳ್ಳಿ. ಸ್ಲಂ ಬೋರ್ಡಿನದೋ, ಪೌರಕಾರ್ಮಿಕರದೋ, ಯಾವುದಾದರೂ ಸರಿ. ನೆಲಮಾಳಿಗೆ ಸೇರಿ ನಾಲ್ಕು ಅಂತಸ್ತು, ನಾಲ್ಕೈದು ಇಂಚಿನ ಕಾಂಕ್ರೀಟ್ ಸ್ಲ್ಯಾಬು, ಮೇಲೆ ಮಳೆಗೆ ಕಪ್ಪಾಗಿ ಹೋದ ಸಿಮೆಂಟು. ಮಧ್ಯಾಹ್ನ ಕುಡಿದ ಬಿಸಿಯನ್ನ ಆ ಸ್ಲ್ಯಾಬು ತಕ್ಷಣ ಕೆಳಗೆ ಬಿಡಲ್ಲ, ಮೂರ್ನಾಲ್ಕು ಗಂಟೆ ತಡ ಮಾಡುತ್ತೆ. ಅಂದರೆ ಕೆಲಸ ಮುಗಿಸಿ ಜನ ಮನೆಗೆ ಬರೋ ಹೊತ್ತಿಗೆ, ಒಲೆ ಹಚ್ಚೋ ಹೊತ್ತಿಗೆ ಸರಿಯಾಗಿ ತಲೆ ಮೇಲಿನ ಕಾವಲಿ ಬಿಸಿಯಾಗಿರುತ್ತೆ. ಫ್ಯಾನ್ ಹಾಕಿದರೆ ಅದೇ ಬಿಸಿಗಾಳಿ ಕೆಳಗೆ. ನಾಲ್ಕು ಅಂತಸ್ತಿನ ಕಟ್ಟಡದಲ್ಲಿ ನಾಲ್ಕನೇ ಒಂದು ಪಾಲು ಮನೆಗಳದ್ದು ಇದೇ ಪಾಡು.

ಇಂಥ ಕಟ್ಟಡಗಳಿಗೆ 30 ವರ್ಷ ತುಂಬುತ್ತಾ ಬಂದ ಹಾಗೆ ಎಲ್ಲ ಕಡೆ ಒಂದೇ ಮಾತು ಕೇಳಿಬರುತ್ತೆ: "ಹಳೇದಾಯ್ತು, ಕೆಡವಿ ಹೊಸದು ಕಟ್ಟೋಣ." ನಮ್ಮ ಸಾಫ್ಟ್‌ವೇರ್ ಮಂದಿಗೆ ಈ ಚಪಲ ಚೆನ್ನಾಗಿ ಗೊತ್ತು :) ಬೇರೆಯವರು ಬರೆದ ಹಳೇ ಕೋಡ್ ಕೈಗೆ ಬಂದ ಎರಡನೇ ದಿನವೇ "ಇದನ್ನ ಬಿಸಾಕಿ ಮೊದಲಿಂದ ಬರೆಯೋಣ" ಅಂತೀವಿ. ಆದರೆ ಕೋಡಿನೊಳಗೆ ಯಾರೂ ಸಂಸಾರ ಮಾಡಿಕೊಂಡಿರಲ್ಲ. ಕಟ್ಟಡ ಹಾಗಲ್ಲವಲ್ಲ!

ಬೆಂಗಳೂರಿನ ಈಜಿಪುರದ ಕಥೆ ನಿಮಗೆ ನೆನಪಿರಬಹುದು. ಕೋರಮಂಗಲದ ಪಕ್ಕ ಬಡವರಿಗೆ ಅಂತ ಕಟ್ಟಿದ ಇಡಬ್ಲ್ಯೂಎಸ್ ಕ್ವಾರ್ಟರ್ಸ್, ಸುಮಾರು 1500 ಮನೆ. ಕಳಪೆ ಕೆಲಸ, ಕಟ್ಟಿದ ಮೇಲೆ ಕೇಳೋರಿಲ್ಲ. ಒಂದಷ್ಟು ಭಾಗ ಕುಸಿದು, ಉಳಿದದ್ದನ್ನೂ ಕೆಡವಿದರು. ಜನ ಅಲ್ಲೇ ಶೆಡ್ ಹಾಕಿಕೊಂಡು ವರ್ಷಗಟ್ಟಲೆ ಕಾದರು. ಖಾಸಗಿ ಸಹಭಾಗಿತ್ವದಲ್ಲಿ ಹೊಸ ಮನೆಗಳ ಜೊತೆ ಮಾಲ್ ಕೂಡ ಬರುತ್ತೆ ಅಂತಾಯ್ತು. 2013ರ ಜನವರಿಯಲ್ಲಿ ಪೊಲೀಸರನ್ನ ನಿಲ್ಲಿಸಿ ಆ ಶೆಡ್‌ಗಳನ್ನೂ ತೆಗೆದರು. "ಕೆಡವಿ ಕಟ್ಟೋಣ" ಅನ್ನೋ ಮಾತಿನಲ್ಲಿ ಎರಡು ಕ್ರಿಯಾಪದ ಇವೆ. ಮೊದಲನೆಯದು ನಾಲ್ಕು ದಿನದಲ್ಲಿ ಮುಗಿಯುತ್ತೆ. ಎರಡನೆಯದಕ್ಕೆ ಕಾಯೋರ ಮಕ್ಕಳು ದೊಡ್ಡವರಾಗಿಬಿಡುತ್ತಾರೆ.

ಹೊಸದು ಕಟ್ಟಿದರೂ ಅದು ಹಳೇದಕ್ಕಿಂತ ಒಳ್ಳೇದೇ ಆಗಿರುತ್ತೆ ಅನ್ನೋ ಖಾತ್ರಿ ಇಲ್ಲ. ಮುಂಬಯಿಯ ಗೋವಂಡಿ ಕಡೆ ನಟವರ್ ಪಾರೇಖ್ ಕಾಂಪೌಂಡ್, ಲಲ್ಲೂಭಾಯಿ ಕಾಂಪೌಂಡ್ ಅಂತ ಪುನರ್ವಸತಿ ಕಾಲನಿಗಳಿವೆ. ಒಂದು ಕಟ್ಟಡಕ್ಕೂ ಇನ್ನೊಂದಕ್ಕೂ ಮಧ್ಯೆ ಕೆಲವೇ ಮೀಟರ್ ಜಾಗ. ಕೆಳ ಅಂತಸ್ತುಗಳಿಗೆ ಗಾಳಿಯೂ ಇಲ್ಲ, ಬೆಳಕೂ ಇಲ್ಲ. ಅಲ್ಲಿನ ಕ್ಷಯರೋಗಕ್ಕೂ ಕಟ್ಟಡಗಳ ವಿನ್ಯಾಸಕ್ಕೂ ಇರುವ ನಂಟನ್ನ 2018ರಲ್ಲಿ ಬಂದ ಒಂದು ಅಧ್ಯಯನ ತೋರಿಸಿತು. ಹಳೇ ವಠಾರದಲ್ಲಿ ಕಡೇ ಪಕ್ಷ ಅಂಗಳ ಅಂತ ಒಂದಿರುತ್ತಿತ್ತು.

ಹಾಗಂತ ಎಲ್ಲವನ್ನೂ ಉಳಿಸಬೇಕು ಅಂತ ನಾನು ಹಠ ಹಿಡಿದಿಲ್ಲ. ಚೆನ್ನೈನ ತಿರುವೊಟ್ಟಿಯೂರಿನಲ್ಲಿ 2021ರ ಡಿಸೆಂಬರ್ 27ರಂದು ಬೋರ್ಡಿನ ಒಂದು ಬ್ಲಾಕ್, 24 ಮನೆ, ಕುಸಿದು ಬಿತ್ತು. ಬಿರುಕು ನೋಡಿ ಜನ ಮೊದಲೇ ಹೊರಗೆ ಬಂದಿದ್ದರಿಂದ ಜೀವ ಉಳಿಯಿತು. ಅಂಥ ಕಟ್ಟಡದಲ್ಲಿ ಜನರನ್ನ ಇಟ್ಟುಕೊಂಡು ಸುಣ್ಣ ಬಳಿಯೋಣ ಅಂದರೆ ಅದು ಪಾಪದ ಕೆಲಸ. ಆದರೆ ಆ ಹಂತಕ್ಕೆ ಕಟ್ಟಡ ರಾತ್ರೋರಾತ್ರಿ ಹೋಗಲ್ಲ. ಒಡೆದ ಪೈಪಿನಿಂದ ನೀರು ಜಿನುಗುತ್ತೆ, ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಕೇಳೋದರಿಂದ ಕಾಂಕ್ರೀಟು ಒಳಗಿಂದಲೇ ಸೀಳಿ ಉದುರುತ್ತೆ. ಇದಕ್ಕೆಲ್ಲ ವರ್ಷಗಳು ಹಿಡಿಯುತ್ತವೆ. ಆ ಅಷ್ಟೂ ವರ್ಷ ಒಬ್ಬ ಪ್ಲಂಬರ್ ಸಾಕಾಗಿತ್ತು.

ಹಾಗಾಗಿ ರಿಪೇರಿಗೂ ಒಂದು ಕ್ರಮ ಇದೆ. ಮೊದಲು ಇಂಜಿನಿಯರ್ ಬಂದು ಕಟ್ಟಡದ ತಾಕತ್ತು ಪರೀಕ್ಷೆ ಮಾಡಬೇಕು. ಆಮೇಲೆ ನೀರು ನಿಲ್ಲಿಸಬೇಕು, ಕಂಬಿ-ಕಾಂಕ್ರೀಟು ಸರಿಮಾಡಬೇಕು. ಆಮೇಲೆ ತಂಪು. ಸೋರುವ ಸ್ಲ್ಯಾಬಿನ ಮೇಲೆ ಬಿಳಿ ಬಣ್ಣ ಬಳಿದು ಫೋಟೋ ತೆಗೆಸಿಕೊಂಡರೆ ಏನೂ ಆಗಲ್ಲ.

ತಂಪು ಮಾಡೋ ವಿದ್ಯೆ ನಮಗೆ ಹೊಸದೂ ಅಲ್ಲ, ದುಬಾರಿಯೂ ಅಲ್ಲ. ಹಳೇ ಮದ್ರಾಸ್ ಟೆರೇಸ್ ಮನೆಗಳಲ್ಲಿ ಇಟ್ಟಿಗೆ ಚೂರು, ಸುಣ್ಣದ ಗಾರೆ ಹಾಕಿ ದಪ್ಪಗೆ ಬಡಿದಿರುತ್ತಿದ್ದರು. ತಾರಸಿ ಮೇಲೆ ಮಣ್ಣಿನ ಮಡಕೆ ಬೋರಲು ಹಾಕಿ ಮೇಲೆ ಗಾರೆ ಎಳೆಯೋದೂ ಇತ್ತು, ಒಳಗಿನ ಗಾಳಿಯೇ ತಡೆ. ಬಿಳಿ ಟೈಲ್ಸ್ ಚೂರು ಅಂಟಿಸಿದರೆ ಬಿಸಿಲು ವಾಪಸ್ ಹೋಗುತ್ತೆ. ಸುಣ್ಣ ಎಲ್ಲಕ್ಕಿಂತ ಅಗ್ಗ, ಆದರೆ ಧೂಳು ಕೂತು ಮಾಸುತ್ತೆ, ಮತ್ತೆ ಮತ್ತೆ ಬಳಿಯಬೇಕು. ಪಶ್ಚಿಮದ ಕಿಟಕಿಗೆ ಚಜ್ಜ ಒಂದೇ ಸಾಲದು, ಸಂಜೆ ಬಿಸಿಲು ಓರೆಯಾಗಿ ಬರುತ್ತೆ, ತಡಿಕೆಯೋ ಜಾಲಿಯೋ ಬೇಕು. ಇನ್ನು ಊರಿಗೊಂದು ಮದ್ದು. ರಾಯಚೂರು, ಕಲಬುರಗಿಯಂಥ ಒಣ ಸೆಕೆಯ ಊರಲ್ಲಿ ರಾತ್ರಿ ಕಿಟಕಿ ತೆಗೆದು ತಂಪು ಗಾಳಿ ಒಳಗೆ ಬಿಟ್ಟುಕೊಂಡು ಹಗಲು ಮುಚ್ಚಿದರೆ ನಡೆಯುತ್ತೆ. ಮಂಗಳೂರು, ಚೆನ್ನೈನಂಥ ಬೆವರಿನ ಊರಲ್ಲಿ ಅದು ನಡೆಯಲ್ಲ, ಮೈಮೇಲೆ ಗಾಳಿ ಆಡುತ್ತಲೇ ಇರಬೇಕು.

2010ರ ಬಿಸಿಗಾಳಿಗೆ ತತ್ತರಿಸಿದ ಅಹಮದಾಬಾದ್ 2013ರಲ್ಲಿ ಹೀಟ್ ಆಕ್ಷನ್ ಪ್ಲಾನ್ ಮಾಡಿತು, ಆಮೇಲೆ ಬಡವರ ಮನೆಗಳ ಸೂರಿಗೆ ಬಿಳಿ ಬಳಿಯೋದನ್ನೂ ಅದರಲ್ಲಿ ಸೇರಿಸಿಕೊಂಡಿತು. 2023ರಲ್ಲಿ ತೆಲಂಗಾಣ ಕೂಲ್ ರೂಫ್ ನೀತಿಯನ್ನೇ ತಂದಿತು. ಕೇಂದ್ರದ್ದೂ 2018ರ ಇಕೋ ನಿವಾಸ್ ಸಂಹಿತೆ ಇದೆ. ಸೂರಿನ ಮೂಲಕ ಒಳಗೆ ಬರೋ ಶಾಖಕ್ಕೆ, ಪ್ರತಿ ಚದರ ಮೀಟರಿಗೆ ಪ್ರತಿ ಡಿಗ್ರಿಗೆ 1.2 ವ್ಯಾಟ್ ಅಂತ ಅದು ಮಿತಿ ಹಾಕಿದೆ. ಏನೂ ಹೊದಿಸದ ಕಾಂಕ್ರೀಟ್ ಸ್ಲ್ಯಾಬಿನದ್ದು ಸುಮಾರು 3! ಆದರೆ ಸಂಹಿತೆಯ ಗಮನವೆಲ್ಲ ಹೊಸ ಕಟ್ಟಡಗಳ ಮೇಲೆ. ಈಗಾಗಲೇ ಕಟ್ಟಿ, ಈಗಾಗಲೇ ಬೇಯುತ್ತಿರುವ ಮನೆಗಳನ್ನ ಕೇಳೋರು ಯಾರು?

ಸಿಂಗಪುರದಲ್ಲಿ ಕೇಳುತ್ತಾರೆ. ಅಲ್ಲಿನ ನಿವಾಸಿಗಳಲ್ಲಿ ಹೆಚ್ಚುಕಡಿಮೆ 80% ಜನ ಎಚ್‌ಡಿಬಿ ಅನ್ನೋ ಸರ್ಕಾರಿ ಬೋರ್ಡ್ ಕಟ್ಟಿದ ಮನೆಗಳಲ್ಲಿದ್ದಾರೆ. ಸಮಭಾಜಕದ ಪಕ್ಕದ ಊರು, ಸೆಕೆಗೆ ಕೊರತೆಯಿಲ್ಲ. 2007ರಲ್ಲಿ ಹೋಮ್ ಇಂಪ್ರೂವ್‌ಮೆಂಟ್ ಪ್ರೋಗ್ರಾಂ ಅಂತ ತಂದರು. ಉದುರೋ ಕಾಂಕ್ರೀಟು, ಕೊಳೆನೀರಿನ ಪೈಪು ಇಂಥ ಅಗತ್ಯ ರಿಪೇರಿ ನಾಗರಿಕರಿಗೆ ಸರ್ಕಾರದ ಖರ್ಚಿನಲ್ಲಿ. ಬಚ್ಚಲುಮನೆ, ಬಾಗಿಲು ಹೊಸದು ಬೇಕು ಅಂದರೆ ಸಣ್ಣ ಮನೆಯವರು 5% ಕೊಟ್ಟರೆ ಸಾಕು. ನನಗೆ ಬಹಳ ಹಿಡಿಸಿದ್ದು ಇನ್ನೊಂದು ನಿಯಮ: ಬ್ಲಾಕಿನ ಅರ್ಹ ಮನೆಗಳಲ್ಲಿ 75% ಒಪ್ಪಿ ಮತ ಹಾಕಿದರೆ ಮಾತ್ರ ಕೆಲಸ ಶುರು. ಜನ ಮನೆ ಖಾಲಿ ಮಾಡಬೇಕಿಲ್ಲ. ಅವರದು ಶ್ರೀಮಂತ ದೇಶ, ಒಪ್ಪಿದೆ. ಆದರೆ ಮನೆಯಲ್ಲಿರೋರ ಅಭಿಪ್ರಾಯ ಕೇಳೋಕೆ ಶ್ರೀಮಂತಿಕೆ ಯಾಕೆ ಬೇಕು?

ನಮ್ಮಲ್ಲಿ ರಿಪೇರಿಗೆ ಯಾಕೆ ಯಾರೂ ಮನಸ್ಸು ಮಾಡಲ್ಲ ಅಂದರೆ, ಅದಕ್ಕೆ ಶಂಕುಸ್ಥಾಪನೆ ಇಲ್ಲ. ಪೈಪ್ ಬದಲಾಯಿಸಿದ್ದಕ್ಕೆ ಯಾರೂ ಟೇಪ್ ಕತ್ತರಿಸಲ್ಲ. ಜೊತೆಗೆ ಊರು ಬೆಳೆದು ಕ್ವಾರ್ಟರ್ಸ್ ಇರೋ ನೆಲಕ್ಕೆ ಚಿನ್ನದ ಬೆಲೆ ಬಂದಿರುತ್ತೆ. ಕಟ್ಟಡ ಎಷ್ಟು ಬೇಗ ಹಾಳಾಗುತ್ತೋ ನೆಲ ಅಷ್ಟು ಬೇಗ ಕೈಗೆ ಸಿಗುತ್ತೆ. ಇದರಲ್ಲಿ ಪಿತೂರಿ ಹುಡುಕಬೇಕಾಗಿಲ್ಲ, ಸುಮ್ಮನೆ ಇದ್ದರೆ ಸಾಕು, ತಾನಾಗೇ ಆಗುತ್ತೆ. ಪರಿಸರದ ಲೆಕ್ಕ ಬೇರೆ. ಒಂದು ಟನ್ ಸಿಮೆಂಟ್ ಮಾಡೋಕೆ ಅರ್ಧ ಟನ್ನಿಗಿಂತ ಹೆಚ್ಚು ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಹೋಗುತ್ತೆ. ನಿಂತಿರೋ ಕಟ್ಟಡದ ಸಿಮೆಂಟಿಗೆ ಆ ಬೆಲೆ ನಾವು ಆಗಲೇ ಕಟ್ಟಿಯಾಗಿದೆ. ಕೆಡವಿದರೆ ಮತ್ತೆ ಕಟ್ಟಬೇಕು.

ನನ್ನ ಬೇಡಿಕೆ ಇಷ್ಟೇ. ಸರ್ಕಾರಿ ವಸತಿ ಯೋಜನೆ ಮಾಡುವಾಗಲೇ ಮುಂದಿನ 30 ವರ್ಷದ ನಿರ್ವಹಣೆಗೆ ಹಣ ಎತ್ತಿಡಲಿ. ಕೆಡವೋ ಆದೇಶಕ್ಕೆ ಮುಂಚೆ ರಿಪೇರಿ ಮಾಡಿದರೆ ಎಷ್ಟಾಗುತ್ತೆ ಅನ್ನೋ ಅಂದಾಜನ್ನ ಅಲ್ಲಿರೋ ಜನರ ಮುಂದೆ, ಕನ್ನಡದಲ್ಲಿ, ಇಡಲಿ. ಮತ್ತೆ ಈ ಬೇಸಿಗೆಗೆ ಮುಂಚೆಯೇ ಗಟ್ಟಿಯಾಗಿರೋ ಕಟ್ಟಡಗಳ ತಾರಸಿಗೆ ಸುಣ್ಣ ಬೀಳಲಿ. ಇದಕ್ಕೆ ಸಮಿತಿ, ವರದಿ ಯಾವುದೂ ಬೇಕಿಲ್ಲ.

ನಮ್ಮ ರಾಜ್ಯದ ಸ್ಲಂ ಬೋರ್ಡಿನ ಹೆಸರಲ್ಲಿ ಹಿಂದೆ "ನಿರ್ಮೂಲನ" ಅಂತಿತ್ತು, ಈಗ "ಅಭಿವೃದ್ಧಿ" ಅಂತಾಗಿದೆ. ಬೋರ್ಡ್ ಬದಲಾಯಿಸಿದ ಹಾಗೆ ಬುದ್ಧಿಯೂ ಬದಲಾದರೆ ಎಷ್ಟು ಚೆನ್ನ!

ನಿಮ್ಮ ಊರಿನಲ್ಲೂ ಇಂಥ ಹಳೇ ಕ್ವಾರ್ಟರ್ಸ್ ಇದ್ದೇ ಇರುತ್ತೆ. ಪರಿಚಯದವರಿದ್ದರೆ ಒಂದು ಸಂಜೆ ಆರು ಗಂಟೆಗೆ ಮೇಲಿನ ಮನೆಗೆ ಹೋಗಿ ಕೂತು ಬನ್ನಿ, ಸಾಧ್ಯವಾದರೆ ತಾರಸಿಯನ್ನೂ ನೋಡಿ. ಅಲ್ಲಿ ಏನಿತ್ತು, ಅಲ್ಲಿನವರು ಏನಂದರು ಅಂತ ನಿಮ್ಮ ನಿಮ್ಮ ಬ್ಲಾಗಿನಲ್ಲಿ ಬರೀರಿ. ಓದೋಕೆ ನಾನಂತೂ ಕಾಯ್ತಿರ್ತೀನಿ.