ರಕ್ತದಲ್ಲಲ್ಲ, ಲೆಕ್ಕದಲ್ಲಿ

ಮಾರ್ಚ್ ಕೊನೆ ಬಂತೆಂದರೆ ನನ್ನ ಇನ್‌ಸ್ಟಾಗ್ರಾಂ ತುಂಬ ಗುಲಾಬಿ ಬಣ್ಣ. ಅರ್ಧ ಟೀಮ್ ರಜೆ ಹಾಕಿ ಜಪಾನಿನಲ್ಲಿ. ಸಕುರಾ ಫೋಟೋ ಕೆಳಗೆ ಎಲ್ಲರದ್ದೂ ಒಂದೇ ಮಾತು: ‘ಪ್ರಕೃತಿಪ್ರೇಮ ಇವರ ರಕ್ತದಲ್ಲೇ ಇದೆ.’ ಇದನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತೆ.

ರಕ್ತದಲ್ಲಿ ಏನೂ ಇಲ್ಲ ಕಣ್ರೀ. ಇರೋದು ಲೆಕ್ಕದಲ್ಲಿ, ಬೆವರಲ್ಲಿ.

ಕ್ಯೋಟೋದಲ್ಲಿ ಚೆರಿ ಯಾವಾಗ ಅರಳಿತು ಅನ್ನೋ ದಾಖಲೆ ಒಂಬತ್ತನೇ ಶತಮಾನದಿಂದ ಸಿಗುತ್ತೆ. ಆಸ್ಥಾನಿಕರು, ಭಿಕ್ಷುಗಳು ದಿನಚರಿಯಲ್ಲಿ ಬರೆದಿಟ್ಟಿದ್ದು. ಅದು ಇದ್ದದ್ದರಿಂದಲೇ, 2021ರ ಮಾರ್ಚ್ 26ಕ್ಕೆ ಹೂವು ತುಂಬಿ ನಿಂತಾಗ, ಸಾವಿರದ ಇನ್ನೂರು ವರ್ಷದಲ್ಲಿ ಇಷ್ಟು ಬೇಗ ಅರಳಿದ್ದೇ ಇಲ್ಲ ಅಂತ ಹೇಳೋಕಾಯ್ತು.

ವರ್ಷವನ್ನು ಐದೈದು ದಿನದ 72 ಋತುಗಳಾಗಿ ಒಡೆಯೋ ಪದ್ಧತಿ ಬಂದಿದ್ದು ಚೀನಾದಿಂದ. ಅದು ತಮ್ಮ ಹವೆಗೆ ಹೊಂದಲ್ಲ ಅಂತ 17ನೇ ಶತಮಾನದಲ್ಲಿ ಖಗೋಳಜ್ಞ ಶಿಬುಕಾವಾ ಶುಂಕಾಯ್ ಕೂತು ತಿದ್ದಿದ. ರಕ್ತದಲ್ಲೇ ಇದ್ದಿದ್ದರೆ ತಿದ್ದೋದ್ಯಾಕೆ?

ಕನಾಜಾವಾದ ಕೆನ್‌ರೋಕುಯೆನ್ ತೋಟದಲ್ಲಿ ಪ್ರತಿ ನವೆಂಬರ್ 1ರಿಂದ ಮಾಲಿಗಳು ಪೈನ್ ಮರದ ಪಕ್ಕ ಉದ್ದನೆಯ ಕಂಬ ನಿಲ್ಲಿಸಿ, ಅದರ ತುದಿಯಿಂದ ಹಗ್ಗ ಇಳಿಬಿಟ್ಟು ಕೊಂಬೆ ಕೊಂಬೆಗೂ ಕಟ್ಟುತ್ತಾರೆ. ಹಿಮದ ಭಾರಕ್ಕೆ ಕೊಂಬೆ ಮುರಿಯಬಾರದು, ಅಷ್ಟೇ. ಮಾರ್ಚ್‌ನಲ್ಲಿ ಬಿಚ್ಚುತ್ತಾರೆ. ಇದರ ಹೆಸರು ಯುಕಿತ್ಸುರಿ. ನೋಡೋಕೆ ಛತ್ರಿಯ ಕಡ್ಡಿಗಳ ಹಾಗೆ ಚಂದ. ಕಟ್ಟೋರಿಗೆ ಅದು ಚಳಿಯಲ್ಲಿ, ಏಣಿ ಮೇಲೆ ಮಾಡೋ ಕೂಲಿ.

‘ಹೊಗಳಿದರೆ ನಿನಗೇನಪ್ಪಾ ನಷ್ಟ?’ ಅಂತೀರಿ. ನಷ್ಟ ಇದೆ. ರಕ್ತದಲ್ಲೇ ಇರೋದನ್ನ ಯಾರೂ ಕಾಯಬೇಕಿಲ್ಲ, ಅದಕ್ಕೆ ಸಂಬಳ, ಬಜೆಟ್ಟು ಬೇಕಿಲ್ಲ. ಜಪಾನಿನ ಹವಾಮಾನ ಇಲಾಖೆ 1953ರಿಂದ ದೇಶದುದ್ದಕ್ಕೂ ಒಂದೇ ನಿಯಮದಡಿ ಗಿಡ, ಹಕ್ಕಿ, ಹುಳುಗಳನ್ನು ಗಮನಿಸುತ್ತಿತ್ತು: ಮೊದಲ ಸಿಕಾಡಾದ ದನಿ, ಮೊದಲ ಕವಲುತೋಕೆ ಹಕ್ಕಿ. ಊರು ಬೆಳೆದು ಕಚೇರಿಯ ಸುತ್ತ ಅವು ಸಿಗೋದೇ ಕಷ್ಟ ಅಂತ, 57 ಜೀವಿಗಳ ಪಟ್ಟಿಯನ್ನು 2021ರಲ್ಲಿ ಆರೇ ಗಿಡಗಳಿಗೆ ಇಳಿಸಿತು. ಪ್ರಾಣಿಗಳೆಲ್ಲ ಔಟ್. ಸಕುರಾ ಉಳಿಯಿತು, ಬಿಡಿ. ಉಳಿದದ್ದನ್ನು ಈಗ ಸ್ವಯಂಸೇವಕರು ಎಣಿಸಬೇಕು.

ಅಂದರೆ ಸಂಪ್ರದಾಯ ಅಲ್ಲೂ ತಂತಾನೇ ಉಳಿಯಲ್ಲ. ಯಾರೋ ನೋಡಬೇಕು, ಬರೆಯಬೇಕು, ಕಟ್ಟಬೇಕು. ‘ರಕ್ತ’ ಅಂದ ತಕ್ಷಣ ಆ ಯಾರೋ ಮಾಯ. ಜೊತೆಗೆ, ನಮ್ಮ ರಕ್ತದಲ್ಲಿಲ್ಲ ಅಂತ ನಮಗೂ ಪುಕ್ಕಟೆ ವಿನಾಯಿತಿ!

ಸಕುರಾ ನೋಡಬೇಡಿ ಅನ್ನಲ್ಲ. ಒಮ್ಮೆ ನವೆಂಬರ್‌ನಲ್ಲಿ ಹೋಗಿ. ಏಣಿ ಮೇಲಿರುವ ಮಾಲಿಯ ಕೈ ನೋಡಿ. ಕ್ಯಾಪ್ಷನ್ ಆಮೇಲೆ ಬರೆಯಿರಿ.