ಗಾಳಕ್ಕಿಂತ ಗಾಳಿ ಮೊದಲು

ಆರು ದಿನಗಳ ಕಾಲ ಗಡಿಯಾರದ ಮುಳ್ಳನ್ನು ಬೆನ್ನಟ್ಟಿ ಬಾಳುವ ಮಹಾನಗರದ ಜನರನ್ನು ಏಳನೆಯ ದಿನ ಬೆಟ್ಟವೂ ನೀರೂ ಕೈಬೀಸಿ ಕರೆಯುವುದು ಸಹಜವೇ ಆಗಿದೆ. ದಿವಾ ನಿವಾಸಿಗಳಿಗಂತೂ ಈ ಕರೆ ತುಸು ಹತ್ತಿರದಿಂದಲೇ ಕೇಳಿಸುತ್ತದೆ. ರೋಹಾ, ಸಾವಂತವಾಡಿಗಳ ಕಡೆಗೆ ಗಾಡಿಗಳು ಇಲ್ಲಿಂದ ಹೊರಡುತ್ತವೆ. ಕಲ್ಯಾಣವನ್ನು ದಾಟಿದರೆ ಒಂದೆಡೆ ಕರ್ಜತ್, ಇನ್ನೊಂದೆಡೆ ಕಸಾರಾ. ಎರಡರ ಬೆನ್ನಿಗೂ ಸಹ್ಯಾದ್ರಿಯ ಗೋಡೆ. ರಸ್ತೆ ಮುಗಿದಲ್ಲಿಂದ ಒಂದೆರಡು ಗಂಟೆ ನಡೆದು, ಕೆರೆಯ ದಡ ಸೇರಿ, ಗಾಳ ಹಾಕಿ ಕೂರುವ ಹವ್ಯಾಸದ ರುಚಿ ಹತ್ತಿದ ಕನ್ನಡಿಗ ತರುಣರೂ ಇಲ್ಲದಿಲ್ಲ.

ಈ ಹವ್ಯಾಸಕ್ಕೆ ಹೊರದೇಶಗಳಿಂದ ಬಂದ ಒಂದು ಸಾಧನ ಫ್ಲೋಟ್ ಟ್ಯೂಬ್. ಗಾಳಿ ತುಂಬಿದ ಕೊಳವೆಯ ನಡುವೆ ಬಟ್ಟೆಯ ಆಸನ. ಕುಳಿತವನ ಕಾಲುಗಳು ನೀರಿನೊಳಗೆ. ಬಾತಿನ ಪಾದವನ್ನು ಹೋಲುವ ರಬ್ಬರ್ ಫಿನ್‌ಗಳನ್ನು ತೊಟ್ಟು ಅವನು ಹಿಂದುಹಿಂದಕ್ಕೆ ಸಾಗುತ್ತಾನೆ. ಗಾಳಿ ಬಿಟ್ಟು ಮಡಚಿದರೆ ಬೆನ್ನಿನ ಚೀಲದಲ್ಲಿ ಅಡಗುತ್ತದೆ. ಕುರ್ಚಿಗೆ ಅಂಟಿಕೊಂಡು ಸೊರಗಿದ ದೇಹಕ್ಕೆ ಇದು ಒಳ್ಳೆಯ ವ್ಯಾಯಾಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಚೀಲ ಕಟ್ಟುವಾಗ ಮೊದಲು ಒಳಗೆ ಹೋಗುವುದು ಯಾವುದು ಎಂಬ ಪ್ರಶ್ನೆಯಲ್ಲಿ ಪ್ರಾಣದ ಮಾತಿದೆ. ಬೆಲೆಬಾಳುವ ಗಾಳದ ಕೋಲು, ರೀಲು, ಬಣ್ಣಬಣ್ಣದ ಕೃತಕ ಹುಳುಗಳು ತುಂಬಿ, ಲೈಫ್ ಜಾಕೆಟ್ಟಿಗೆ ಮಾತ್ರ ಜಾಗವಿಲ್ಲವೆಂದರೆ ಅದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದಂತೆಯೇ ಸರಿ.

ತೇಲುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಬೆನ್ನಿಗೆ ಸೋರೆಬುರುಡೆ ಕಟ್ಟಿಸಿಕೊಂಡು ಬಾವಿಯಲ್ಲಿ ಈಜು ಕಲಿತ ಹಿರಿಯರು ಇಂದಿಗೂ ಅನೇಕ ಮನೆಗಳಲ್ಲಿದ್ದಾರೆ. 2013ರಲ್ಲಿ ಕೃಷ್ಣೆ ಉಕ್ಕಿ ಹರಿಯುತ್ತಿದ್ದಾಗ, ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆಯ ತುಂಬುಗರ್ಭಿಣಿಯೊಬ್ಬಳು ಆಸ್ಪತ್ರೆಯನ್ನು ಸೇರುವ ಸಲುವಾಗಿ ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಆ ಹೊಳೆಯನ್ನು ಈಜಿ ದಾಟಿದಳು. ತಂದೆಯೂ ಸೋದರರೂ ಜೊತೆಯಲ್ಲಿ ಈಜಿದರು. ಈ ಸಾಹಸವನ್ನು ಅನುಕರಿಸಬೇಕಾಗಿಲ್ಲ. ಆದರೆ ಅದರ ಹಿಂದಿನ ವಿವೇಕವನ್ನು ಗಮನಿಸಬೇಕು. ತೇಲಿಸುವ ವಸ್ತು ಕೈಯಲ್ಲಿರಲಿಲ್ಲ, ಮೈಗೆ ಕಟ್ಟಿತ್ತು. ಬುರುಡೆ ಒಂದೇ ಆಗಿರಲಿಲ್ಲ, ಹಲವಿದ್ದವು. ಜೊತೆಗೆ ಈಜು ಬಲ್ಲ ಜನರಿದ್ದರು.

ಈ ಮೂರು ಮಾತುಗಳನ್ನು ಒರೆಗಲ್ಲಾಗಿಟ್ಟು ನೋಡಿದರೆ ಲಾರಿಯ ಹಳೆಯ ಟ್ಯೂಬು ಜೀವರಕ್ಷಕವಲ್ಲವೆಂಬುದು ತಾನಾಗಿ ತಿಳಿಯುತ್ತದೆ. ಅದರಲ್ಲಿರುವುದು ಒಂದೇ ಗಾಳಿಕೋಶ. ಒಂದು ಮುಳ್ಳು ಚುಚ್ಚಿದರೆ ಮುಗಿಯಿತು. ಹಿಡಿತ ತಪ್ಪಿದವನ ಕಂಕುಳಿಂದ ಅದು ಜಾರಿಹೋಗುತ್ತದೆ. ಒಳ್ಳೆಯ ಫ್ಲೋಟ್ ಟ್ಯೂಬಿನಲ್ಲಿ ಎರಡು ಪ್ರತ್ಯೇಕ ಕೋಶಗಳಿರುತ್ತವೆ. ಆದರೂ ಅದು ಆಸನವೇ ಹೊರತು ಅಂಗಿಯಲ್ಲ. ಮೈಗೆ ಬಿಗಿದ ಲೈಫ್ ಜಾಕೆಟ್ ಇಲ್ಲದೆ ಅದರಲ್ಲಿ ಕೂರುವುದು ಅವಿವೇಕ. ಹರಿಯುವ ನೀರಿನಲ್ಲಂತೂ ಅದನ್ನು ಬಳಸಲೇಬಾರದು. ಕಾಲಿನ ಬಲ ಸೆಳವಿಗೆ ಸಾಟಿಯಲ್ಲ.

ಹೊರೆ ಹೆಚ್ಚಾಗುತ್ತದೆಂಬ ಆಕ್ಷೇಪಣೆಗೆ ಲೆಕ್ಕವೇ ಉತ್ತರ ಹೇಳುತ್ತದೆ. ಬೆನ್ನಿನ ಹೊರೆ ದೇಹತೂಕದ ಐದನೆಯ ಒಂದು ಪಾಲನ್ನು ಮೀರಬಾರದೆಂಬುದು ಚಾರಣಿಗರು ಸಾಮಾನ್ಯವಾಗಿ ಒಪ್ಪುವ ಸೂತ್ರ. 60 ಕಿಲೋ ತೂಗುವವನಿಗೆ 12 ಕಿಲೋ. ಅಂದಾಜಿನಲ್ಲಿ ಪಂಪು ಸೇರಿ ಟ್ಯೂಬು 4, ಫಿನ್‌ಗಳು 1, ಲೈಫ್ ಜಾಕೆಟ್ 1, ಗಾಳದ ಸಾಮಗ್ರಿ ಒಂದೂವರೆ, ಎರಡು ಲೀಟರ್ ಕುಡಿಯುವ ನೀರು 2, ಬುತ್ತಿ, ಔಷಧಿ ಮತ್ತು ಹಗ್ಗ ಒಂದೂವರೆ, ಒಟ್ಟು 11. ಇನ್ನೂ ಒಂದು ಕಿಲೋ ಶಿಲ್ಕು ಉಳಿಯುತ್ತದೆ. ಕಡಿಮೆ ಮಾಡಲೇಬೇಕಾದಲ್ಲಿ ಸ್ಟೀಲಿನ ಡಬ್ಬಿಗಳನ್ನೂ ಹಾಡಿನ ಪೆಟ್ಟಿಗೆಯನ್ನೂ ಮನೆಯಲ್ಲಿ ಬಿಡಬಹುದು. ಮದ್ಯದ ಬಾಟಲಿಗೆ ಈ ಲೆಕ್ಕದಲ್ಲಿ ಸ್ಥಾನವೇ ಇಲ್ಲ.

ಕಟ್ಟುವುದಕ್ಕೂ ಕ್ರಮವುಂಟು. ಭಾರವಾದುದು ಬೆನ್ನಿಗೆ ತಾಗಿ, ಚೀಲದ ನಡುಮಟ್ಟದಲ್ಲಿರಬೇಕು. ಗಾಳದ ಕೊಕ್ಕೆಗಳು ಗಟ್ಟಿ ಡಬ್ಬಿಯಲ್ಲಿರಬೇಕು. ಅವು ಟ್ಯೂಬಿನೊಡನೆ ಒಂದೇ ಅರೆಯಲ್ಲಿ ಇರಕೂಡದು. ಕೋಲು ಬಿಡಿಬಿಡಿಯಾಗಿ ಕಳಚುವಂತಹುದಾಗಿ, ಚೀಲದೊಳಗೇ ಅಡಗಬೇಕು. ಚೀಲದಿಂದ ಏನೂ ಹೊರಚಾಚದಿರುವುದು ಈ ಮಾರ್ಗದಲ್ಲಿ ಬರಿಯ ಅಚ್ಚುಕಟ್ಟಿನ ಮಾತಲ್ಲ. 2025ರ ಜೂನ್ 9ರಂದು ದಿವಾ–ಮುಂಬ್ರಾ ನಡುವೆ, ಎದುರುಬದುರಾಗಿ ಸಾಗುತ್ತಿದ್ದ ಎರಡು ಲೋಕಲ್ ಗಾಡಿಗಳ ಬಾಗಿಲಲ್ಲಿ ನೇತಾಡುತ್ತಿದ್ದ ಪ್ರಯಾಣಿಕರು ಕೆಳಗೆ ಬಿದ್ದು ಹಲವರು ಪ್ರಾಣ ಕಳೆದುಕೊಂಡರು. ಬೆನ್ನಿನ ಚೀಲಗಳು ಪರಸ್ಪರ ತಾಕಿದ ಮಾತೂ ಆಗ ಕೇಳಿಬಂದಿತ್ತು. ಇಂತಹ ಚೀಲವನ್ನು ಹೊತ್ತವರು ಜನದಟ್ಟಣೆಯಿಲ್ಲದ ಮುಂಜಾನೆಯ ಗಾಡಿಯನ್ನೇ ಹಿಡಿಯಬೇಕು. ಹತ್ತಿದೊಡನೆ ಚೀಲವನ್ನು ಬೆನ್ನಿನಿಂದ ಇಳಿಸಬೇಕು.

ಹೊರಡುವ ಹಿಂದಿನ ರಾತ್ರಿ ಟ್ಯೂಬಿಗೆ ಗಾಳಿ ತುಂಬಿ ಬೆಳಗಿನವರೆಗೆ ಇಡುವುದು ಒಳ್ಳೆಯ ಪರೀಕ್ಷೆ. ಮೆತ್ತಗಾಗಿದ್ದರೆ ಸಾಬೂನಿನ ನೀರು ಸವರಿ, ಗುಳ್ಳೆ ಏಳುವ ಜಾಗವನ್ನು ಗುರುತಿಸಬಹುದು. ದಡದಲ್ಲಿ ಬಿಸಿಲಿಗೆ ಗಾಳಿ ಹಿಗ್ಗುವುದರಿಂದ ಪೂರ್ತಿ ಬಿಗಿಯಬಾರದು. ತಣ್ಣೀರಿನಲ್ಲಿ ಅದು ಕುಗ್ಗುವುದರಿಂದ, ಟ್ಯೂಬನ್ನು ಕೆಲಕಾಲ ನೀರಿಗೆ ತಾಗಿಸಿಟ್ಟು, ಕೊರತೆಯನ್ನು ತುಂಬಿಕೊಂಡು ಆಮೇಲೆ ಕೂರಬೇಕು. ದಡದಲ್ಲಿ ಒಬ್ಬನಾದರೂ ಹಗ್ಗ ಹಿಡಿದು ನಿಂತಿರಬೇಕು. ಆಪತ್ತಿನಲ್ಲಿ ಅವನು ತಾನು ಧುಮುಕದೆ ಹಗ್ಗವನ್ನೇ ಎಸೆಯಬೇಕು.

ಎಲ್ಲ ನೀರೂ ಇಳಿಯುವ ನೀರಲ್ಲವೆಂಬುದೂ ನೆನಪಿರಬೇಕು. ಮಾಥೇರಾನಿನ ಶಾರ್ಲಟ್ ಕೆರೆ, ನವಿ ಮುಂಬಯಿಯ ಮೋರ್ಬೆ, ಮುಂಬಯಿಯ ತಾನ್ಸಾ ಜನರ ಕುಡಿಯುವ ನೀರಿನ ಆಕರಗಳು. ಉಳಿದ ಜಲಾಶಯಗಳಲ್ಲಿಯೂ ಮೀನಿನ ಹಕ್ಕು ಸ್ಥಳೀಯ ಮೀನುಗಾರರ ಸಹಕಾರಿ ಸಂಘಗಳಿಗೆ ಸೇರಿರುವುದುಂಟು. ಅನುಮತಿ ಕೇಳುವುದು ಕಾನೂನೂ ಹೌದು, ಸೌಜನ್ಯವೂ ಹೌದು. ಮಳೆಗಾಲದಲ್ಲಿ ಬೆಟ್ಟದ ನೀರಿನ ಸಹವಾಸವೇ ಬೇಡ. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಬಳಿ ಏಕಾಏಕಿ ಉಕ್ಕಿದ ಪ್ರವಾಹ ಒಂದೇ ಕುಟುಂಬದ ಐವರನ್ನು ಕೊಚ್ಚಿ ಒಯ್ದಿತು. ಆ ತಿಂಗಳುಗಳಲ್ಲಿ ಇಲಿಜ್ವರದ ಭೀತಿಯೂ ಉಂಟು; ಇಲಿ, ದನಗಳ ಮೂತ್ರ ಬೆರೆತ ನೀರಿನಿಂದ ರೋಗಾಣು ಗಾಯದ ಮೂಲಕ ಒಳಸೇರುತ್ತದೆ. ನೀರಿಗಿಳಿದು ಬಂದ ನಾಲ್ಕು ವಾರಗಳೊಳಗೆ ಜ್ವರ, ಮೈಕೈನೋವು ಕಾಣಿಸಿಕೊಂಡರೆ ವೈದ್ಯರಿಗೆ ಆ ಸಂಗತಿಯನ್ನು ಮರೆಯದೆ ತಿಳಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ಈ ಸಾವುಗಳಿಗೆ ಮದ್ದು ಬೇಕಾಗಿಲ್ಲ, ಮುನ್ನೆಚ್ಚರಿಕೆ ಸಾಕು. ವರ್ಷಕ್ಕೊಮ್ಮೆ ಏರುವ ಬೆಟ್ಟಕ್ಕಾಗಿ ಪ್ರತಿಯೊಬ್ಬರೂ ಲೈಫ್ ಜಾಕೆಟ್ ಕೊಳ್ಳುವುದು ಕಷ್ಟವೆಂಬ ಮಾತು ನಿಜವಿರಬಹುದು. ಆದರೆ ಕನ್ನಡ ಸಂಘಗಳು ವಾಚನಾಲಯದಿಂದ ಪುಸ್ತಕಗಳನ್ನು ಎರವಲು ಕೊಡುವ ಪದ್ಧತಿ ಹೊಸದೇನಲ್ಲ. ಅದೇ ಕಪಾಟಿನ ಪಕ್ಕದಲ್ಲಿ ಹತ್ತು ಲೈಫ್ ಜಾಕೆಟ್‌ಗಳೂ ಒಂದು ಉದ್ದನೆಯ ಹಗ್ಗವೂ ಇದ್ದು, ಸದಸ್ಯರು ಸಹಿ ಹಾಕಿ ಒಯ್ದು, ಸೋಮವಾರ ಒಣಗಿಸಿ ಮರಳಿಸುವಂತಾಗಲಿ. ಸಂಘದ ಆಯವ್ಯಯದಲ್ಲಿ ಇದಕ್ಕೆ ತಗಲುವ ವೆಚ್ಚ ಒಂದು ಸಂಜೆಯ ಉಪಾಹಾರಕ್ಕಿಂತ ಬಹಳ ಹೆಚ್ಚಾಗಲಾರದು.