ಮೀನಿನ ತೊಟ್ಟಿಗೆ ಕರೆಂಟು: ಮೈಮರೆತರೆ ಗತಿಯೇನು?

ಶಿವಮೊಗ್ಗದ ಮನೆಗಳ ಹಜಾರದಲ್ಲಿ ಗಾಜಿನ ಮೀನಿನ ತೊಟ್ಟಿ ಈಗ ಅಪರೂಪದ ವಸ್ತುವಲ್ಲ. ಮಕ್ಕಳಿಗೆ ಖುಷಿ, ಬಂದವರ ಕಣ್ಣಿಗೆ ಚೆಂದ. ಆದರೆ ತೊಟ್ಟಿಯ ಹಿಂಬದಿಗೆ ಕಣ್ಣು ಹಾಯಿಸಿದರೆ ಎಷ್ಟೋ ಕಡೆ ಎದೆ ಝಲ್ಲೆನ್ನುತ್ತದೆ. ಗಾಳಿ ಪಂಪು, ಫಿಲ್ಟರು, ಹೀಟರು, ದೀಪ ಎಲ್ಲಕ್ಕೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡು. ಆ ಬೋರ್ಡು ಇರುವುದು ಒದ್ದೆ ನೆಲದ ಮೇಲೆ! ನೀರಿಗೂ 230 ವೋಲ್ಟಿಗೂ ಗೇಣುದ್ದದ ಅಂತರ.

'ಎಂಸಿಬಿ ಇದೆಯಲ್ಲ, ಇನ್ನೇನು ಭಯ?' ಎನ್ನುವವರಿದ್ದಾರೆ. ಇದು ಹುಸಿ ಧೈರ್ಯ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಹಲವು ಆಂಪಿಯರ್ ಹರಿದರೆ ಮಾತ್ರ ಅದು ಬೀಳುತ್ತದೆ. ಗುಂಡಿಗೆ ನಿಲ್ಲಲು ಆಂಪಿಯರಿನ ಹತ್ತರಲ್ಲೊಂದು ಪಾಲು ಸಾಕು. ನೀರಿಗಿಳಿದ ಕೈಯನ್ನು ಉಳಿಸಬಲ್ಲದ್ದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಹೋದ ಕರೆಂಟು ಅಷ್ಟೇ ವಾಪಸು ಬಾರದೆ ಸೋರಿದರೆ ಅದು ತಟ್ಟನೆ ಲೈನು ಕಡಿಯುತ್ತದೆ. ಅದರ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಜತೆಗೆ ಸರಿಯಾದ ಅರ್ತಿಂಗ್ ಬೇಕು. ಮೂರನೇ ಪಿನ್ನು ಮುರಿದು ಸಾಕೆಟ್ಟಿಗೆ ತುರುಕುವ ಜಾಣತನ ಬೇಡವೇ ಬೇಡ.

ಉಳಿದದ್ದಕ್ಕೆ ಹೆಚ್ಚು ಕಾಸು ಬೇಡ, ಎಚ್ಚರ ಬೇಕು. ಬೋರ್ಡನ್ನು ನೆಲದಿಂದೆತ್ತಿ ಗೋಡೆಗೆ ಹೊಡೆಯಬೇಕು. ವೈರು ಸಾಕೆಟ್ಟಿಗಿಂತ ಕೆಳಗೆ ಜೋತುಬಿದ್ದು ಮತ್ತೆ ಮೇಲೇರಬೇಕು. ಆಗ ವೈರಿನ ಗುಂಟ ಇಳಿದ ಹನಿ ಆ ಬಾಗಿನಲ್ಲೇ ಉದುರುತ್ತದೆ. ಗಾಳಿ ಪಂಪು ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲವೇ ಕೊಳವೆಗೆ ಚೆಕ್ ವಾಲ್ವ್ ಹಾಕಬೇಕು. ಮಲೆನಾಡಿನ ಮಳೆಗಾಲದ ಕರೆಂಟಿನ ಕಣ್ಣಾಮುಚ್ಚಾಲೆ ಎಲ್ಲರಿಗೂ ಗೊತ್ತು. ಅದು ಹೋದಾಗ ತೊಟ್ಟಿಯ ನೀರು ಹಿಂದಕ್ಕೆ ಹರಿದು ಪಂಪಿನೊಳಗೇ ಸೇರಬಹುದು.

ಹೀಟರನ್ನು ಆರಿಸಿ, ತಣಿದ ಮೇಲೆಯೇ ಹೊರತೆಗೆಯಬೇಕು. ಬಿಸಿ ಗಾಜು ಸೀಳಿದರೆ ಕರೆಂಟು ನೇರ ನೀರಿಗೆ. 'ಮೀನು ಆರಾಮಾಗಿ ಈಜ್ತಾ ಇದೆಯಲ್ಲ' ಎಂದು ಆಗ ಕೈ ಹಾಕಿದರೆ ಕಥೆ ಮುಗಿದಂತೆ. ತಂತಿಯ ಮೇಲಿನ ಕಾಗೆಯ ಹಾಗೆ ಮೀನಿಗೆ ಏನೂ ಆಗದಿರಬಹುದು. ನೆಲದ ಮೇಲೆ ನಿಂತವನಿಗೆ ಆಗುತ್ತದೆ. ತೊಟ್ಟಿ ತೊಳೆಯುವ ಮುನ್ನ ಸ್ವಿಚ್ ಆರಿಸಿದರಷ್ಟೇ ಸಾಲದು. ಫೇಸು, ನ್ಯೂಟ್ರಲ್ಲು ಅದಲುಬದಲಾಗಿದ್ದರೆ ಸ್ವಿಚ್ ಆರಿಸಿದರೂ ವೈರಿನಲ್ಲಿ ಕರೆಂಟು ಉಳಿದಿರುತ್ತದೆ. ಪ್ಲಗ್ಗನ್ನೇ ಕೀಳಬೇಕು.

ತೊಟ್ಟಿ ಮಾರುವ ಅಂಗಡಿಯವರು ಮೀನಿಗೆ ಎಷ್ಟು ಕಾಳು ಹಾಕಬೇಕೆಂದು ಹೇಳುವ ಜತೆಗೆ ಇಷ್ಟನ್ನೂ ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ ಕೊಟ್ಟರೆ ಅವರ ಗಂಟೇನೂ ಹೋಗದು. ಮನೆಯವರೂ ಲೈಸೆನ್ಸ್ ಇರುವ ವೈರ್‌ಮನ್ನನ್ನು ಕರೆಸಿ ಒಮ್ಮೆ ತೋರಿಸಲಿ. ಮೀಟರಿನವರೆಗಿನ ಹೊಣೆ ಮೆಸ್ಕಾಂನದು. ಅಲ್ಲಿಂದ ಒಳಗಿನ ವೈರು ಮನೆಯವರದು, ಜೀವವೂ ಅವರದೇ.